ಸೀಗಡಿಗೆ ಗಾರೆ

"ಗೋಡೆಗೇ ಗಾರೆ ನಿಲ್ಲಿಸಿದೋನಿಗೆ ಸೀಗಡಿ ಯಾವ ಲೆಕ್ಕ? ಇವತ್ತು ನೀನು ಸುಮ್ನೆ ಕೂತ್ಕೊಂಡು ನೋಡು" ಎಂದು ಗಾರೆ ಮೇಸ್ತ್ರಿಗಳು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಘೋಷಿಸಿದರು.

ಕಳೆದ ಸಲ ಹೆಂಡತಿ ಮಾಡಿದ್ದ ಸೀಗಡಿಗಳು ಬ್ರೆಡ್ ಪುಡಿಯ ಅಂಗಿ ಕಳಚಿ, ಟೊಮೆಟೊ ಸಾಸಿನಲ್ಲಿ ಬರಿಮೈಯಲ್ಲಿ ಈಜಾಡಿದ್ದವು. ಮೇಸ್ತ್ರಿಗಳು ಅದನ್ನು ತಿಂಗಳಿಡೀ ಆಡಿಕೊಂಡಿದ್ದರು.

"ಆಯ್ತು. ಪುಡಿ ಉದುರದೆ ನಿಂತ್ರೆ ಒಂದು ವರ್ಷ ಈ ಗೋಡೆ ಸುದ್ದಿ ಎತ್ತಲ್ಲ. ಕೆಟ್ರೆ ಇವತ್ತೇ ಗಾರೆ ಮಾಡ್ಬೇಕು" ಎಂದಳು ಹೆಂಡತಿ.

ಊರಿನ ಅರ್ಧ ಗೋಡೆಗಳಿಗೆ ಅಂಗಿ ತೊಡಿಸಿದ ಮೇಸ್ತ್ರಿಗಳ ಸ್ವಂತ ಅಡುಗೆಮನೆಯ ಗೋಡೆ ಆರು ವರ್ಷದಿಂದ ಇಟ್ಟಿಗೆಯ ಹಲ್ಲು ಕಿರಿದುಕೊಂಡು ನಿಂತಿತ್ತು.

"ಒಪ್ಪಿದೆ. ಆದ್ರೆ ಸೀಗಡಿ ಕಮ್ಮಿ ಕಾಣ್ತಿದೆಯಲ್ಲ?"

"ಸುಲಿದ್ಮೇಲೆ ಅಷ್ಟೇ ಆಗೋದು."

ಮೈದಾ ಮೊದಲ ಕೋಟು, ಮೊಟ್ಟೆ ಎರಡನೆಯದು, ಬ್ರೆಡ್ ಪುಡಿ ಫಿನಿಷಿಂಗು. ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದರು. ನಿಜ ಹೇಳಬೇಕೆಂದರೆ, ಅಲ್ಲಿಗೇ ಕೈ ಬಿಟ್ಟಿದ್ದರೆ ಗೆದ್ದುಬಿಡುತ್ತಿದ್ದರು. ಆದರೆ ಮೂವತ್ತು ವರ್ಷದ ವೃತ್ತಿಧರ್ಮ ಬಿಡಬೇಕಲ್ಲ. ಇಸ್ತ್ರಿ ಮೇಜಿನ ಮೇಲಿದ್ದ ನೀರಿನ ಸ್ಪ್ರೇ ಬಾಟಲಿ ಎತ್ತಿಕೊಂಡರು.

"ರೀ, ಅದ್ಯಾಕೆ?"

"ಕ್ಯೂರಿಂಗ್. ನೀರು ಕಾಣದ ಗಾರೆ ಬಿರುಕು ಬಿಡುತ್ತೆ. ನಿಂಗೆ ಗೊತ್ತಾಗಲ್ಲ."

ಮೂರು ಸಲ ಹೊಡೆದರು. ಪುಡಿ ಗಂಜಿಯಾಯಿತು. ಅದನ್ನು ಹಿಡಿದಿಡಲು ಮೈದಾ ಸುರಿದರು. ಮೈದಾ ಗಂಟಾಯಿತು, ಗಂಟಿನ ಮೇಲೆ ಇನ್ನಷ್ಟು ಪುಡಿ. ಚಮಚದ ಬೆನ್ನಿನಿಂದ ನುಣ್ಣಗೆ ತೀಡಿ, ಸಾಸು ಹರಡಿ, ಚೀಸು ಹೊದಿಸಿ ಓವನ್ನಿಗೆ ತಳ್ಳಿದರು.

ಮುಕ್ಕಾಲು ಗಂಟೆಯ ಮೇಲೆ ಹೊರಬಂದದ್ದು ತಾರಸಿ. ಹೆಂಡತಿ ಗಾಜಿನ ಟ್ರೇಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಚೀಸಿನ ಎಳೆಯೂ ಬೀಳಲಿಲ್ಲ.

"ನೋಡಿದ್ಯಾ? ಒಂದು ಕಣ ಉದುರಿಲ್ಲ. ಗೆದ್ದೆ."

"ಗೆದ್ರಿ. ತಿನ್ನಿ."

ಚಾಕು ಬಾಗಿತು. ಮೇಸ್ತ್ರಿಗಳು ಹಲ್ಲಿನ ಯೋಚನೆ ಮಾಡಿದರು. ಅಷ್ಟರಲ್ಲಿ ಹೆಂಡತಿ ಫ್ರಿಜ್ಜಿನಿಂದ ಇನ್ನೊಂದು ಡಬ್ಬಿ ತೆಗೆದಳು. ನೀರೊರೆಸಿ, ಪುಡಿಯಲ್ಲಿ ಹೊರಳಿಸಿಟ್ಟ ಸೀಗಡಿ.

"ಇದೆಲ್ಲಿಂದ ಬಂತು?"

"ಎಸ್ಟಿಮೇಟಲ್ಲಿ ಹತ್ತು ಪರ್ಸೆಂಟ್ ವೇಸ್ಟೇಜ್ ಹಿಡೀಬೇಕು ಅಂತ ನೀವೇ ಹೇಳೋದಲ್ವಾ? ಕೆಲಸದವರು ಯಾರು ಅಂತ ನೋಡಿ ನಾನು ಐವತ್ತು ಹಿಡಿದೆ. ಗೆದ್ದೋರು ಅದನ್ನ ತಿನ್ನಿ, ಸೋತೋರಿಗೆ ಇದು."

ಸಾಸಿನ ಘಮ ಅಡುಗೆಮನೆ ತುಂಬುವ ಹೊತ್ತಿಗೆ ಮೇಸ್ತ್ರಿಗಳು ಸೋಲೊಪ್ಪಿಕೊಂಡು ಸಿಮೆಂಟ್ ಕಲಸುತ್ತಿದ್ದರು. ಹಸಿದ ಹೊಟ್ಟೆಯ ಕೈ ಎಷ್ಟು ಚುರುಕು ಎಂಬುದು ಗೋಡೆಗೆ ಅಂದು ತಿಳಿಯಿತು. ಆರು ವರ್ಷದ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿದೇಹೋಯಿತು. ಸ್ಟೂಲಿನಿಂದ ಇಳಿದು ತಿರುಗಿದರೆ, ಹೆಂಡತಿ ಅದೇ ಸ್ಪ್ರೇ ಬಾಟಲಿ ಹಿಡಿದು ಗೋಡೆಗೆ ಗುರಿಯಿಟ್ಟಿದ್ದಾಳೆ.

"ಅಯ್ಯೋ, ಬೇಡ ಕಣೇ! ಹಸಿ ಗಾರೆಗೆ ನೀರು ಹೊಡೆದ್ರೆ ಎಲ್ಲಾ ಕಿತ್ಕೊಂಡು ಬರುತ್ತೆ. ಮೊದ್ಲು ಅದು ಬಿಗೀಬೇಕು, ನೀರು ನಾಳೆ. ಅಷ್ಟೂ ಗೊತ್ತಿಲ್ವಾ?"

ಹೇಳಿ ಮುಗಿಸಿದ ಮೇಲೆ, ತಾವು ಹೇಳಿದ್ದು ಅವರ ಕಿವಿಗೇ ಬಿತ್ತು.

"ನಂಗೆ ಗೊತ್ತು ರೀ" ಎಂದು ಹೆಂಡತಿ ಬಾಟಲಿ ಕೆಳಗಿಟ್ಟಳು. "ಪಾಪ, ಸೀಗಡಿಗೆ ಗೊತ್ತಿರಲಿಲ್ಲ. ಕೈ ತೊಳ್ಕೊಂಡು ಬನ್ನಿ ಊಟಕ್ಕೆ."