ಪಾಯಸಕ್ಕೆ ವಿಷ ಹಾಕಿದ ಮಾವ

ನನ್ನ ಮುಖದ ಬಗ್ಗೆ ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ಮೂಗು ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ, ಕೂದಲು ಮೂವತ್ತಕ್ಕೇ ರಾಜೀನಾಮೆ ಕೊಟ್ಟಿದೆ, ಎರಡು ಕಣ್ಣುಗಳು ಒಂದೇ ಕಡೆ ನೋಡಲು ಒಪ್ಪುವುದಿಲ್ಲ. ದಾವಣಗೆರೆಯ ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಪ್ರತಿ ವರ್ಷ ನಾಯಕನ ಪಾತ್ರ ಕೇಳುತ್ತಿದ್ದೆ. ಪ್ರತಿ ವರ್ಷ ದ್ವಾರಪಾಲಕನ ಪಾತ್ರ ಕೊಡುತ್ತಿದ್ದರು. ಒಮ್ಮೆ ಅದಕ್ಕೂ ಮುಖ ತುಂಬ ಗಡ್ಡ ಅಂಟಿಸಿದರು.

ಅದೃಷ್ಟ ಖುಲಾಯಿಸಿದ್ದು ಹರಿಹರದಲ್ಲಿ. ದಾವಣಗೆರೆಯ ಪಿ.ಜೆ. ಬಡಾವಣೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ ನಾನು, ಹರಿಹರದ ಹೊಳೆ ದಂಡೆಯಲ್ಲಿ ಧಾರಾವಾಹಿಯ ಶೂಟಿಂಗ್ ಇದೆಯೆಂದು ರಜೆ ಹಾಕಿ ಓಡಿದ್ದೆ. ಬಿಸಿಲಿಗೆ ಮುಖ ಕಿವುಚಿಕೊಂಡು ನಿಂತಿದ್ದಾಗ ನಿರ್ದೇಶಕರು ಬೆರಳು ತೋರಿಸಿ, "ಆ ಮುಖ ಕರ್ಕೊಂಡ್ ಬನ್ನಿ!" ಎಂದರು. ಮುಖದ ಹಿಂದೆ ನಾನೂ ಹೋದೆ. ಅಂದು ಸಿಕ್ಕಿದ್ದು ಒಂದೇ ಒಂದು ಮಾತು. ಇಂದು ಸೊಸೆಯ ಪಾಯಸಕ್ಕೆ ವಿಷ ಹಾಕುವ ಮಾವ ನಾನೇ! ಆ ಧಾರಾವಾಹಿಯಲ್ಲಿ ಇಬ್ಬರು ನಾಯಕರು ಬದಲಾದರು. ಇಂಥ ಮುಖ ಇನ್ನೊಂದು ಸಿಗದೆ ನಾನು ಉಳಿದುಕೊಂಡೆ. ಬಸ್ಸಿನಲ್ಲಿ ಹೆಂಗಸರು ನನ್ನನ್ನು ಶಪಿಸಿದಾಗಲೆಲ್ಲ ನನಗೆ ಪ್ರಶಸ್ತಿ ಬಂದಷ್ಟು ಖುಷಿ.

ಆ ಖುಷಿಗೆ ಕುತ್ತು ಬಂದದ್ದು ಮಗಳು ಸ್ಮಿತಾಳ ಮದುವೆ ಮಾತಿನ ದಿನ. ಹುಡುಗ ಹರಿಹರದವನು, ಇಬ್ಬರೂ ಮೆಚ್ಚಿಕೊಂಡಿದ್ದರು. ಅವನ ಮನೆಯವರೆಲ್ಲ ನಗುತ್ತಾ ಒಳಗೆ ಬಂದರು. ಕೊನೆಗೆ ಬಂದ ಅಜ್ಜಿ ಬಸಮ್ಮನವರು ಮಾತ್ರ ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇವ ಸೊಸೀಗೆ ವಿಷ ಹಾಕಿದೋನಲ್ಲೇನು! ಈ ಮನ್ಯಾಗ ನಾನು ನೀರು ಸೈತ ಮುಟ್ಟಂಗಿಲ್ಲ."

"ಅದು ನಟನೆ ಅಮ್ಮಾರೆ," ಎಂದೆ. ಗಾಬರಿಯಲ್ಲಿ ಧಾರಾವಾಹಿಯ ದನಿಯೇ ಬಂದುಬಿಟ್ಟಿತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ಬಾಗಿಲ ಪಕ್ಕ ನಿಂತಿದ್ದ ಸ್ಮಿತಾಳ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಈ ಮುಖವನ್ನು ಯಾರಿಗಾದರೂ ಕೊಟ್ಟುಬಿಡಬೇಕೆನಿಸಿತು.

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜಾ, ಹೊರಗಿನ ಸಂಗತಿ ಏನೂ ಗೊತ್ತಿಲ್ಲದೆ ಕೂಗಿದಳು: "ಏನ್ರೀ! ಹಾಲು ನೋಡ್ಕಳ್ರಿ ಅಂದಿದ್ನಲ್ಲ? ಉಕ್ಕಿ ಒಲೆ ತುಂಬ ಆಗೈತೆ! ಬರ್ರಿ, ಒರೆಸ್ರಿ!"

ನಾನು "ಬಂದೆ, ಬಂದೆ" ಎನ್ನುತ್ತಾ ರೇಷ್ಮೆ ಪಂಚೆ ಎತ್ತಿಕಟ್ಟಿ ಓಡಿದೆ. ಒಲೆ ಒರೆಸಿ ತಿರುಗಿದರೆ, ಬಾಗಿಲಲ್ಲಿ ಬಸಮ್ಮನವರು! ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಕೂಡ್ರಿ ಎಲ್ರೂ," ಎಂದು ತಮ್ಮವರಿಗೆ ಹೇಳಿದರು. "ಇವ ಟೀವಿಯಾಗಷ್ಟೇ ಹುಲಿ. ಹೆಂಡ್ತಿಗೆ ಇಷ್ಟು ಅಂಜೋನು ಯಾರಿಗೆ ಏನು ಮಾಡ್ಯಾನು? ಹುಡುಗಿ ನಮ್ಮನಿಗೇ ಬರ್ಲಿ."

ಎರಡು ಲೋಟ ಚಹಾ ಕುಡಿದರು. ಮೊದಲನೆಯದನ್ನು ಮಾತ್ರ ನಾನು ಒಂದು ಗುಟುಕು ಕುಡಿದು ತೋರಿಸಬೇಕಾಯಿತು.

ಹರಿಹರದಲ್ಲಿ ನಿಶ್ಚಿತಾರ್ಥ. ಏನು ಜನ, ಏನು ಸೆಲ್ಫಿ! ಹುಡುಗನನ್ನು ಬಿಟ್ಟು ನನ್ನನ್ನೇ ಮುತ್ತಿಕೊಂಡರು. ನಾನು ಬೀಗುತ್ತಾ ವೇದಿಕೆ ಹತ್ತಿ ಮಗಳ ಪಕ್ಕ ನಿಂತೆ. ಫೋಟೋದವನು ಕ್ಯಾಮೆರಾ ಇಳಿಸಿ ಕೈಮುಗಿದ.

"ಸಾರ್, ನಾನು ನಿಮ್ಮ ಫ್ಯಾನ್! ಆಮೇಲೆ ನಿಮ್ಜೊತೆ ಬ್ಯಾರೇನೇ ಒಂದು ತಗೀತೀನಿ. ಈಗ ಸ್ವಲ್ಪ ಪಕ್ಕಕ್ಕೆ ಸರೀರಿ, ಹುಡುಗಿ ಅಪ್ಪ ಬರ್ಲಿ."

ಕ್ಯಾಮೆರಾ ಹಿಂದಿನಿಂದ ಹೇಳಿದ್ದನ್ನು ಮಾಡಿಯೇ ಅಭ್ಯಾಸವಲ್ಲವೇ? ತಕ್ಷಣ ಸರಿದೆ. ಸರಿದದ್ದಷ್ಟೇ ಅಲ್ಲ, ಎಷ್ಟೊತ್ತಾದರೂ ಬಾರದ ಆ ಅಪ್ಪ ಎಲ್ಲಿ ಹೋದನೆಂದು ನಾನೂ ಅವನ ಜೊತೆ ಅತ್ತಿತ್ತ ನೋಡತೊಡಗಿದೆ.