ಫರ್ನ್‌ಗೇಟ್ ಬಡಾವಣೆಯ ಅಧಿಕೃತ ಚಳಿಗಾಲ

ಬಾಗಿಲಿಗೆ ಹಸಿರೆಲೆ ಕಟ್ಟಬೇಕಾದರೆ ಚಳಿ ಇರುವುದು ಕಡ್ಡಾಯವೆಂದು ನ್ಯೂಜಿಲೆಂಡಿನ ತಕಾನಿನಿಯ ಫರ್ನ್‌ಗೇಟ್ ಬಡಾವಣೆಯ ನಿವಾಸಿಗಳ ಸಮಿತಿ ೨೦೧೬ರ ಡಿಸೆಂಬರಿನಲ್ಲಿ ಅವಿರೋಧವಾಗಿ ತೀರ್ಮಾನಿಸಿತು.

ತೀರ್ಮಾನಕ್ಕೆ ಆಧಾರವಿತ್ತು. ಬಡಾವಣೆಯ ನಿಯಮದಂತೆ ಮುಂಬಾಗಿಲಿಗೆ ಪರಂಪರೆಯಿಂದ ಬಂದದ್ದನ್ನು ಮಾತ್ರ ಕಟ್ಟಬಹುದು. ಕ್ರಿಸ್‌ಮಸ್ಸಿನ ಹಸಿರು ಹಾರಗಳಿಗೆ ಯಾವ ಪರಂಪರೆ ಎಂದು ಸಮಿತಿ ಶೋಧಿಸಿತು. ಬಹಳ ಹಿಂದೆ ಉತ್ತರ ಯುರೋಪಿನ ನಾರ್ಸ್ ಜನ ನಟ್ಟನಡು ಚಳಿಗಾಲದ ಯೂಲ್ ಹಬ್ಬಕ್ಕೆ, ಸೂರ್ಯ ಮರಳಿ ಬರಲೆಂದು, ಎಲೆಯುದುರದ ಮರಗಳ ಕೊಂಬೆ ತಂದು ಮನೆ ಸಿಂಗರಿಸುತ್ತಿದ್ದರೆಂದು ತಿಳಿಯಿತು. ನ್ಯೂಜಿಲೆಂಡಿನಲ್ಲಿ ಡಿಸೆಂಬರ್ ಬೇಸಿಗೆ. ಸೂರ್ಯ ಎಲ್ಲಿಗೂ ಹೋಗಿರಲಿಲ್ಲ. ಹಾರಗಳನ್ನೆಲ್ಲ ತೆಗೆಸಲಾಯಿತು. ಅಧ್ಯಕ್ಷ ವಾಸುದೇವ್ ಮೊದಲು ತಮ್ಮ ಮನೆಯದನ್ನೇ ಬಿಚ್ಚಿ, ಹೆಂಡತಿಗೆ ರಸೀದಿ ಕೊಟ್ಟರು.

ಅದೇ ಬಡಾವಣೆಯ ಚಂಪಾಬಾಯಿಯವರಿಗೆ ಇದರಿಂದ ಪೇಚಾಯಿತು. ಭಾನುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದ ಅವರು, ಮಾವಿನೆಲೆ ಸಿಗದ ಈ ಊರಿನಲ್ಲಿ ಅದನ್ನೇ ಹೋಲುವ ಮ್ಯಾಗ್ನೋಲಿಯಾ ಮರದ ಎಲೆಯಿಂದ ತೋರಣ ಮಾಡಿದ್ದರು. ತೋರಣವಿಲ್ಲದ ಮನೆಯಲ್ಲಿ ಅವರ ವಂಶದ ಯಾವ ಕೂಸಿಗೂ ಹೆಸರಿಟ್ಟಿರಲಿಲ್ಲ. ಇಡುವ ಇರಾದೆಯೂ ಅವರಿಗಿರಲಿಲ್ಲ.

ವಾಸುದೇವ್ ಬಂದು ಎಲೆ ಮುಟ್ಟಿ ನೋಡಿದರು. "ಎಲೆ ಸರಿಯಾಗಿದೆ ಆಂಟಿ. ಕಾಲ ಸರಿಯಿಲ್ಲ. ಜೂನ್‌ನಲ್ಲಿ ಕಟ್ಕೊಳಿ."

"ಅಲ್ಲೀತನಾ ಕೂಸಿಗೆ ಏನಂತ ಕರೀಲೋ ತಮ್ಮಾ? 'ಏ' ಅಂತ ಕರೀಲೇನು?"

"ತಾತ್ಕಾಲಿಕ ಹೆಸರಿಗೆ ಸಮಿತಿಯ ಆಕ್ಷೇಪಣೆ ಇಲ್ಲ ಆಂಟಿ."

ಮಗ ಚಿದಾನಂದ ನಡುವೆ ಬಂದ. "ಬಿಡಮ್ಮಾ, ಪ್ಲಾಸ್ಟಿಕ್ ತೋರಣ ತರ್ತೀನಿ."

"ಹಂಗಿದ್ರ ಪ್ಲಾಸ್ಟಿಕ್ ಕೂಸನ್ನೂ ತಂದುಬಿಡು. ಅದಕ್ಕ ಹೆಸರಿಡೋಣು."

ಮರುದಿನ ಚಂಪಾಬಾಯಿ ಪುರೋಹಿತ ಶ್ರೀವತ್ಸರನ್ನು ಕರೆದುಕೊಂಡೇ ಸಮಿತಿಯ ಸಭೆಗೆ ಹೋದರು. ಸದಸ್ಯರೆಲ್ಲ ಚಡ್ಡಿ ತೊಟ್ಟು ಫ್ಯಾನಿನೆದುರು ಕೂತಿದ್ದರು.

"ಆಚಾರ್ರ, ಭಾನುವಾರದ ಸಂಕಲ್ಪ ಒಮ್ಮೆ ಹೇಳ್ರಿ."

ಶ್ರೀವತ್ಸರು ಬೆವರು ಒರೆಸಿಕೊಂಡು ಶುರುಮಾಡಿದರು. "ದಕ್ಷಿಣಾಯನೇ, ಹೇಮಂತ ಋತೌ, ಮಾರ್ಗಶಿರ ಮಾಸೇ..."

"ಹೇಮಂತ ಅಂದ್ರ?"

"ಚಳಿಗಾಲ ಅಮ್ಮ. ಪಂಚಾಂಗದಲ್ಲಿ ಹಾಗೇ ಇದೆ."

ಚಂಪಾಬಾಯಿ ಅಧ್ಯಕ್ಷರತ್ತ ತಿರುಗಿದರು. "ಹೋದ ಡಿಸೆಂಬರ್‌ದಾಗ ನಿನ್ನ ಗೃಹಪ್ರವೇಶಕ್ಕ ಇದನ್ನ ಹೇಳಿ ನೀರು ಬಿಟ್ಟೀಯೋ ಇಲ್ಲೋ? ದೇವರ ಮುಂದ ಚಳಿಗಾಲ ಅಂದಿ, ನನ್ನ ಬಾಗಿಲ ಮುಂದ ಬ್ಯಾಸಗಿ ಅಂತೀ?"

ವಾಸುದೇವ್ ಯೋಚಿಸಿದರು. ಸಂಕಲ್ಪ ಸುಳ್ಳಾದರೆ ಗೃಹಪ್ರವೇಶ ಆಗಿಲ್ಲ. ಪ್ರವೇಶವೇ ಆಗದವನು ನಿವಾಸಿಯಲ್ಲ. ನಿವಾಸಿಯಲ್ಲದವನು ಅಧ್ಯಕ್ಷನಾಗುವಂತಿಲ್ಲ. ಅವರು ಎದ್ದು ಫ್ಯಾನ್ ಆರಿಸಿದರು.

ಸಂಜೆ ಪ್ರಕಟಣೆ ಹೊರಬಿತ್ತು: "ಬಡಾವಣೆಯ ಗಡಿಯೊಳಗೆ ಡಿಸೆಂಬರ್ ಚಳಿಗಾಲವಾಗಿರತಕ್ಕದ್ದು. ಬಾಗಿಲಿಗೆ ಎಲೆ ಕಟ್ಟಲಿಚ್ಛಿಸುವವರು ಚಳಿಯನ್ನು ಅನುಭವಿಸತಕ್ಕದ್ದು. ಬೆವರುವವರು ಒಳಗೆ ಹೋಗಿ ಬೆವರತಕ್ಕದ್ದು."

ಪಕ್ಕದ ಮನೆಯ ಬ್ರೆಂಡಾ, ತಮ್ಮ ಹಾರ ವಾಪಸು ಸಿಗುವುದಾದರೆ ಅಡ್ಡಿಯಿಲ್ಲವೆಂದು, ಉಣ್ಣೆಯ ಟೋಪಿ ಹಾಕಿಕೊಂಡು ಹುಲ್ಲು ಕತ್ತರಿಸತೊಡಗಿದರು.

ಭಾನುವಾರ ಅತಿಥಿಗಳು ಸ್ವೆಟರ್, ಮಫ್ಲರ್ ಧರಿಸಿ ತೋರಣದ ಕೆಳಗೆ ಹಾದು ಬಂದರು. ವಾಸುದೇವ್ ಅಂಗೈ ಉಜ್ಜಿಕೊಳ್ಳುತ್ತ "ಏನು ಚಳಿ ಆಂಟಿ!" ಅಂದರು. ಕೂಸಿಗೆ ನಿಧಿ ಎಂದು ಹೆಸರಿಡಲಾಯಿತು. ಅದು ಹೊದಿಸಿದ ಕಂಬಳಿಯನ್ನು ಒದ್ದು ಎಸೆಯಿತು. ವಯಸ್ಸು ನೋಡಿ ಸಮಿತಿ ಮನ್ನಿಸಿತು.

ಊಟದ ಮೇಲೆ ವಾಸುದೇವ್ ಮೆಲ್ಲಗೆ ಕೇಳಿದರು. "ಹಾಗಾದ್ರೆ ಜೂನ್ ಏನಾಗತ್ತೆ ಆಂಟಿ?"

"ಜ್ಯೇಷ್ಠ ಮಾಸ, ಗ್ರೀಷ್ಮ ಋತು. ಹೀಟರ್ ಹಚ್ಚೂಹಂಗಿಲ್ಲ."

ಜೂನ್ ಬಂತು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಮುಂಜಾನೆ ಬಡಾವಣೆಯವರೆಲ್ಲ ತೆಳು ಹತ್ತಿಯ ಅಂಗಿಯಲ್ಲಿ ಹೊರಬಂದು ಬೀಸಣಿಗೆಯಿಂದ ಗಾಳಿ ಹಾಕಿಕೊಂಡರು. ಚಂಪಾಬಾಯಿ ಎಲ್ಲರಿಗೂ ತಣ್ಣನೆಯ ಪಾನಕ ಹಂಚಿದರು.

"ಇಷ್ಟು ಧಗಿ ಧಾರವಾಡದಾಗೂ ಇರಲಿಲ್ಲ ಬಿಡ್ರಿ," ಎಂದು ಹಲ್ಲು ಕಟಕಟಿಸುತ್ತ ಹೇಳಿದರು.

ಬ್ರೆಂಡಾ ಇನ್ನೊಂದು ಲೋಟ ಕೇಳಿ ಪಡೆದರು.