ಷಡ್ಕನ ಅಂಗಡಿ ಮುಂದಿನ ಬೋರ್ಡು

ಆ ಬೋರ್ಡು ನೆಟ್ಟ ದಿನದಿಂದ ಅಂಜನಮೂರ್ತಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಬೋರ್ಡಿನಲ್ಲಿ ಅಂಥದ್ದೇನೂ ಇರಲಿಲ್ಲ. 'ಮುಂದೆ ಶಾಲೆ ಇದೆ. ವೇಗದ ಮಿತಿ ಗಂಟೆಗೆ 20 ಕಿ.ಮೀ.' ಎಂದು ಬರೆದು, ಕೆಳಗೆ ಕೈಕೈ ಹಿಡಿದು ನಡೆಯುವ ಇಬ್ಬರು ಮಕ್ಕಳ ಚಿತ್ರ ಬಿಡಿಸಿದ್ದರು, ಅಷ್ಟೆ. ಶೆಟ್ಟಿಹಳ್ಳಿ ದಾಟಿ ಕುಣಿಗಲ್ ರಸ್ತೆಯಲ್ಲಿ ಒಂದು ಸರ್ಕಾರಿ ಶಾಲೆಯಿತ್ತು. ಅದರ ಗೇಟಿನ ಮುಂದೆ ಲಾರಿಯೊಂದು ಮಗುವಿನ ಬ್ಯಾಗಿನ ಮೇಲೆ ಹತ್ತಿ, ಬಿಸಿಯೂಟಕ್ಕೆಂದು ತಂದಿದ್ದ ತಟ್ಟೆಯನ್ನು ಕಾಗದದಷ್ಟು ತೆಳ್ಳಗೆ ಮಾಡಿತ್ತು. ಮಗು ಪುಣ್ಯಕ್ಕೆ ಮರದಡಿಯಲ್ಲಿ ನೇರಳೆಹಣ್ಣು ಆರಿಸುತ್ತಿತ್ತು. ತಾಯಂದಿರೆಲ್ಲ ರಸ್ತೆಯಲ್ಲೇ ಕೂತು ಬಸ್ಸು ತಡೆದ ಮೇಲೆ, ಸರ್ಕಾರದವರು ತುಮಕೂರಿನ ಕಡೆಯಿಂದ ಬರುವ ವಾಹನಗಳಿಗೆಂದು ಈ ಬೋರ್ಡು ನೆಟ್ಟರು. ಓದು ಬಾರದವರಿಗೂ ಅರ್ಥವಾಗಲೆಂದು ಸುಣ್ಣ ಬಳಿದ ಎರಡು ಡ್ರಮ್ಮುಗಳನ್ನು ರಸ್ತೆಯ ಮೇಲೆ ಓರೆಯಾಗಿ ಇಟ್ಟರು.

ನೆಟ್ಟಿದ್ದು ಮಾತ್ರ ವೆಂಕಟರಂಗಯ್ಯನ ಟೀ ಅಂಗಡಿಯ ಎದುರಿಗೆ. ವೆಂಕಟರಂಗಯ್ಯ ಅಂಜನಮೂರ್ತಿಗೆ ಷಡ್ಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಶಾಲೆಯ ತುಮಕೂರು ಕಡೆಗೆ ಅವನ ಅಂಗಡಿ, ಕುಣಿಗಲ್ ಕಡೆಗೆ ಇವನದು. ಮೊದಲು ಇಬ್ಬರ ಅಂಗಡಿಯ ಮುಂದೆಯೂ ಗಾಡಿಗಳು ಒಂದೇ ಸಮನೆ ಗಾಳಿಯಂತೆ ಹೋಗುತ್ತಿದ್ದವು. ಇಬ್ಬರೂ ಒಂದೇ ಸಮನೆ ನೊಣ ಹೊಡೆಯುತ್ತಿದ್ದರು. ಅಲ್ಲಿಯವರೆಗೆ ಸಂಬಂಧ ಬಹಳ ಚೆನ್ನಾಗಿತ್ತು.

ಈಗ ಡ್ರಮ್ಮಿನ ಹತ್ತಿರ ಟೆಂಪೋಗಳು ಬಸುರಿ ಹೆಂಗಸಿನಂತೆ ಹೆಜ್ಜೆ ನೋಡಿಕೊಂಡು ಬರುತ್ತವೆ. ಅಷ್ಟರಲ್ಲಿ ವೆಂಕಟರಂಗಯ್ಯನ ಬಾಣಲೆಯಿಂದೆದ್ದ ಬೋಂಡದ ವಾಸನೆ ಡ್ರೈವರನ ಮೂಗಿಗೆ ಬಡಿಯುತ್ತದೆ. ಆಮೇಲೆ ಅವನ ಕಾಲು ಬ್ರೇಕಿನ ಮೇಲಿಂದ ಏಳುವುದುಂಟೆ? ಬೋಂಡ ತಿಂದು, ಟೀ ಕುಡಿದು, ಶಾಲೆಯನ್ನು ಮೆಲ್ಲಗೆ ದಾಟಿದ ಗಾಡಿ ಅಲ್ಲಿಯವರೆಗೆ ತಡೆದುಕೊಂಡಿದ್ದ ಸಿಟ್ಟನ್ನೆಲ್ಲ ಒಮ್ಮೆಲೇ ತೀರಿಸಿಕೊಂಡು, ಕಪ್ಪು ಹೊಗೆಯನ್ನು ನೇರವಾಗಿ ಅಂಜನಮೂರ್ತಿಯ ಮುಖಕ್ಕೆ ಉಗುಳಿ ಓಡುತ್ತದೆ. ಷಡ್ಕನಿಗೆ ಗಿರಾಕಿ, ತನಗೆ ಹೊಗೆ. ಅಂಜನಮೂರ್ತಿಯ ಅಂಗಡಿಯಲ್ಲಿ ಟೀ ಹೆಸರಿಗಷ್ಟೆ. ಬೀಡಿ, ಸಿಗರೇಟು, ಗುಟ್ಕಾದ ಮೇಲೆಯೇ ಅವನ ಮನೆಯ ಒಲೆ ಉರಿಯುತ್ತಿತ್ತು. ಈಗ ಒಲೆಗಿಂತ ಹೊಟ್ಟೆಯೇ ಹೆಚ್ಚು ಉರಿಯುತ್ತಿತ್ತು.

ಬೈಯೋಣವೆಂದರೆ ವೆಂಕಟರಂಗಯ್ಯ ಒಂದು ಎಳೆ ತಪ್ಪೂ ಸಿಗದಷ್ಟು ಒಳ್ಳೆಯವನು. ದಿನಾ ಸಂಜೆ ಮುತ್ತುಗದ ಎಲೆಯಲ್ಲಿ ನಾದಿನಿಯ ಮನೆಗೆಂದು ಬೋಂಡ ಕಟ್ಟಿ ಕಳಿಸುತ್ತಿದ್ದ. ಆ ಬೋಂಡ ಬಹಳ ರುಚಿಯಾಗಿರುತ್ತಿದ್ದದ್ದು ಅಂಜನಮೂರ್ತಿಯ ಇನ್ನೊಂದು ಸಂಕಟ.

ಆ ದಿನ ಬೆಳಿಗ್ಗೆ ಹೆಂಡತಿ ಪುಟ್ಟಗಂಗಮ್ಮ ಟೀ ಲೋಟ ತೊಳೆಯುತ್ತಾ, "ಅಕ್ಕನ ಮನೇಗೆ ಬಟ್ಟೆ ಒಗೆಯೋ ಮಿಷನ್ ಬಂತಂತೆ ಕಣ್ರೀ" ಅಂದಳು.

"ಬರ್ಲಿ ಬುಡು. ನಿಂಗೆ ಎರಡು ಕೈ ಇಲ್ವಾ?"

"ಇದಾವೆ. ಕಲ್ಲಿನ ಮೇಲೆ ಒಗ್ದು ಒಗ್ದು ಅವೇ ಮಿಷನ್ ಆಗ್ಬುಟ್ಟವೆ."

ಅಷ್ಟರಲ್ಲಿ ಎದುರಿನ ಪಂಕ್ಚರ್ ಅಂಗಡಿಯ ರವೀಶ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡೇ ಓಡಿ ಬಂದ. ಸುದ್ದಿ ಕೆಟ್ಟದಾದಷ್ಟೂ ರವೀಶನ ಮುಖ ಅರಳುತ್ತಿತ್ತು. ಇವತ್ತು ಚೆಂಡುಹೂವಿನ ಹಾಗೆ ಅರಳಿತ್ತು.

"ಮೂರ್ತಣ್ಣ, ಈ ಕಡೆಗೂ ಒಂದು ಬೋರ್ಡ್ ಬರ್ತೈತಂತೆ! ಮಧ್ಯಾಹ್ನ ಜೀಪಲ್ಲಿ ಇಂಜಿನಿಯರ್ರೂ ಎಸ್ಸೈ ಸಾಹೇಬ್ರೂ ಬರ್ತಾವ್ರೆ."

"ದೇವ್ರು ಕಣ್ಬುಟ್ಟ!" ಅಂಜನಮೂರ್ತಿ ಎದ್ದು ನಿಂತ.

"ಅರ್ಧ ಕಣ್ಣು ಅಷ್ಟೆ. ಸ್ಕೂಲಿಂದ ಇಷ್ಟು ದೂರಕ್ಕೆ ನೆಡ್ಬೇಕು ಅಂತ ಅವರ ಲೆಕ್ಕ. ಆ ಲೆಕ್ಕಕ್ಕೆ ಬೋರ್ಡು ಮೋರಿ ಹತ್ರ ಬೀಳ್ತದೆ. ನಿನ್ನ ಅಂಗಡಿ ಮೋರಿಗಿಂತ ಆಚೆ, ಕುಣಿಗಲ್ ಕಡೆಗೈತೆ. ಆ ಕಡೆಯಿಂದ ಬರೋ ಗಾಡಿ ನಿನ್ನ ಅಂಗಡೀನ ಬಾಣದಂಗೆ ದಾಟಿ, ಮೋರಿ ಹತ್ರ ನಿಧಾನ ಆಗಿ, ಹಂಗೇ ಮೆಲ್ಲಗೆ ಹೋಗಿ ಎಲ್ಲಿ ನಿಲ್ತದೆ ಹೇಳು?"

ಹೇಳುವ ಅಗತ್ಯವಿರಲಿಲ್ಲ. ಬೋಂಡದ ವಾಸನೆ ಅಂಜನಮೂರ್ತಿಯ ಮೂಗಿಗೂ ಬಡಿಯಿತು. ಇಲ್ಲಿಯವರೆಗೆ ಒಂದು ಕಡೆಯ ಗಿರಾಕಿ ಷಡ್ಕನ ಪಾಲಾಗಿತ್ತು. ಇನ್ನು ಎರಡೂ ಕಡೆಯದು. ಈ ಅಂಗಡಿಗೆ ಬಾಗಿಲು ಹಾಕುವುದೊಂದೇ ಬಾಕಿ.

ಅವನು ತಲೆ ಕೆರೆದುಕೊಂಡು ಕೇಳಿದ: "ಬೋರ್ಡನ್ನ ಸ್ಕೂಲಿಂದ ತಾನೆ ಅಳೆಯೋದು?"

"ಹೂಂ."

"ಸ್ಕೂಲೇ ಈ ಕಡೆ ಬಂದ್ರೆ?"

"ಸ್ಕೂಲೇನು ಮೇಕೇನಣ್ಣ, ಹಗ್ಗ ಹಾಕಿ ಎಳ್ಕೊಂಡ್ ಬರಕ್ಕೆ?"

ಆದರೆ ಅಂಜನಮೂರ್ತಿ ಆಗಲೇ ಪಂಚೆ ಎತ್ತಿಕಟ್ಟಿ ಶಾಲೆಯ ಕಡೆ ಓಡುತ್ತಿದ್ದ.

ಹೆಡ್ಮಾಸ್ಟರ್ ಚನ್ನವೀರಯ್ಯನವರಿಗೆ ಕೋಣೆಯ ಕೊರತೆ. ಒಂದನೇ ಕ್ಲಾಸಿನ ಮಕ್ಕಳು ಜಗಲಿಯ ಮೇಲೆ ಕೂತು, ಮಳೆ ಬಂದರೆ ಎರಡನೇ ಕ್ಲಾಸಿಗೆ, ಬಿಸಿಲು ಬಂದರೆ ಮೂರನೇ ಕ್ಲಾಸಿಗೆ ನುಗ್ಗುತ್ತಿದ್ದರು.

"ಸಾರ್, ಆ ಕೂಸುಗಳು ಜಗಲಿ ಮೇಲೆ ಕೂತಿರೋದು ನೋಡಿದ್ರೆ ನಂಗೆ ನಿದ್ದೇನೇ ಬರಲ್ಲ" ಅಂದ ಅಂಜನಮೂರ್ತಿ.

ಚನ್ನವೀರಯ್ಯ ಕನ್ನಡಕ ತೆಗೆದು ನೋಡಿದರು. "ಎಂಟು ವರ್ಷದಿಂದ ಚೆನ್ನಾಗೇ ನಿದ್ದೆ ಮಾಡ್ತಿದ್ದೆಯಲ್ಲಪ್ಪ. ಇವತ್ತೇನಾಯ್ತು?"

"ಮನಸ್ಸು ಕರಗ್ತು ಸಾರ್. ನನ್ನ ಅಂಗಡಿಗೆ ಅಂಟ್ಕೊಂಡಂಗೆ ಒಂದು ಷೆಡ್ಡೈತೆ. ಒಂದನೇ ಕ್ಲಾಸ್ನ ಅಲ್ಲಿಗೆ ತನ್ನಿ. ಬಾಡಿಗೆ ಬೇಡ, ಏನೂ ಬೇಡ. ಜೀಪು ಬರೋ ಮುಂಚೆ... ಅಲ್ಲ, ಬಿಸಿಲು ಏರೋ ಮುಂಚೆ ಮಕ್ಕಳು ಕೂತಿರ್ಬೇಕು, ಅಷ್ಟೆ."

ಚನ್ನವೀರಯ್ಯ ಬಹಳ ಸರ್ಕಾರಿ ಭರವಸೆಗಳನ್ನು ಕಂಡಿದ್ದವರು. ಅವರು ಅಂಜನಮೂರ್ತಿಯನ್ನು ಕೈ ಹಿಡಿದು ಗೇಟಿನ ಹತ್ತಿರ ನಿಂತಿದ್ದ ತಾಯಂದಿರ ಮುಂದೆ ನಿಲ್ಲಿಸಿದರು. "ಈ ಮಾತನ್ನ ಇವರ ಎದುರಿಗೆ ಹೇಳ್ಬಿಡು."

ಬಸ್ಸು ತಡೆದ ತಾಯಂದಿರು ಇವರೇ. ಅಂಜನಮೂರ್ತಿ ಗಂಟಲು ಸರಿಮಾಡಿಕೊಂಡು, "ಆ ಷೆಡ್ಡು ಇನ್ಮೇಲೆ ಮಕ್ಕಳದು" ಅಂದ. ಚಪ್ಪಾಳೆ ಬಿತ್ತು. ಮದುವೆಯಲ್ಲೂ ಅವನಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಷೆಡ್ಡಿನಲ್ಲಿ ಸೌದೆ, ಒಡೆದ ಸೋಡಾ ಕ್ರೇಟು, ಮೂಲೆಯ ಮಂಕರಿಯಲ್ಲಿ ಕಾವಿಗೆ ಕೂತ ಪುಟ್ಟಗಂಗಮ್ಮನ ಕೋಳಿ ಇದ್ದವು.

"ಕಾವಿಗೆ ಕೂತಿರೋ ಕೋಳೀನ ಎಬ್ಬಿಸ್ತೀರಾ? ನಿಮ್ಮ ಹೊಟ್ಟೆಕಿಚ್ಚಿನ ಮೇಲೆ ಇಟ್ಟಿದ್ರೆ ಇಷ್ಟೊತ್ತಿಗೆ ಮರಿ ಎದ್ದಿರೋವು!" ಪುಟ್ಟಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನೀನೂ ಮಿಷನ್ನಲ್ಲಿ ಬಟ್ಟೆ ಒಗೀಬೇಕೋ ಬೇಡ್ವೋ?"

ಪುಟ್ಟಗಂಗಮ್ಮ ಪಕ್ಕಕ್ಕೆ ಸರಿದಳು. ಕೋಳಿ ಮಾತ್ರ ಸರಿಯಲಿಲ್ಲ. ಅಂಜನಮೂರ್ತಿಯ ಮುಂಗೈಯನ್ನು ನಾಲ್ಕು ಕಡೆ ಕುಕ್ಕಿ, ಮಂಕರಿ ಸಮೇತ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ವರ್ಗವಾಗಿ ಹೋಯಿತು.

ಸೌದೆ ಹೊತ್ತು ಹೊತ್ತು ಅಂಜನಮೂರ್ತಿಯ ಬೆನ್ನು ಬಿಲ್ಲಾಗಿದ್ದಾಗ, ತಲೆಯ ಮೇಲೊಂದು ಉದ್ದನೆಯ ಬೆಂಚು ಹೊತ್ತು ಬಂದವನು ಬೇರಾರೂ ಅಲ್ಲ, ವೆಂಕಟರಂಗಯ್ಯ. ಅವನ ಕಣ್ಣು ತೇವವಾಗಿತ್ತು.

"ತಮ್ಮಾ, ನಿಂಗೆ ಇಂಥಾ ದೊಡ್ಡ ಮನಸೈತೆ ಅಂತ ಗೊತ್ತಿರ್ಲಿಲ್ಲ ಕಣೋ. ನನ್ನ ಕೈಲಾದ್ದು ಒಂದು ಬೆಂಚು. ಟೀಚರಮ್ಮ ಕೂತ್ಕೊಳ್ಳಕ್ಕೆ."

"ಯಾಕಣ್ಣ ತೊಂದ್ರೆ ತಗೊಂಡೆ..." ಅಂದ ಅಂಜನಮೂರ್ತಿ ಹಲ್ಲು ಕಚ್ಚಿ.

ತಾಯಂದಿರು ಒಬ್ಬರಿಗೊಬ್ಬರು, "ಪಾಪ, ವೆಂಕಟರಂಗಣ್ಣ ಅಷ್ಟು ದೂರದಿಂದ ಹೊತ್ಕೊಂಡ್ ಬಂದ್ರು ನೋಡ್ರೇ" ಎಂದು ಹೊಗಳತೊಡಗಿದರು. ಇಡೀ ಷೆಡ್ಡು ಕೊಟ್ಟವನು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಒಂದು ಬೆಂಚು ಕೊಟ್ಟವನಿಗೆ ಮಜ್ಜಿಗೆ ಬಂತು. ಅದೂ ಪುಟ್ಟಗಂಗಮ್ಮನ ಕೈಯಿಂದ. "ಕುಡೀರಿ ಭಾವ, ಬಿಸಿಲಲ್ಲಿ ಬಂದಿದೀರ."

ಅಷ್ಟರಲ್ಲಿ ಶಾಂತಲಾ ಟೀಚರ್ ಹಿಂದೆ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲು ಕಟ್ಟಿಕೊಂಡು ಬಂದರು. ಚಾಪೆ ಹಾಸಿ ಕೂರಿಸಿದ್ದೇ ತಡ, ಒಂದು ಮೂಲೆಯಿಂದ ಕೂಗು ಎದ್ದಿತು.

"ಟೀಚರ್, ಟೀಚರ್! ತನುಶ್ರೀ ಮೊಟ್ಟೆ ಇಟ್ಟವ್ಳೆ!"

ಮಂಕರಿ ಎತ್ತುವಾಗ ಉರುಳಿದ್ದ ಒಂದು ಮೊಟ್ಟೆ ಚಾಪೆಯ ಅಂಚಿಗೆ ಸೇರಿಕೊಂಡಿದ್ದು, ಅವಳು ಕೂತದ್ದೇ ಒಡೆದು ಲಂಗಕ್ಕೆ ಮೆತ್ತಿತ್ತು. ತನುಶ್ರೀ ಅಳತೊಡಗಿದಳು. ಅವಳ ಲಂಗಕ್ಕೆ ನೀರು, ಅವಳ ಬಾಯಿಗೆ ಕಡ್ಲೆಮಿಠಾಯಿ ಅಂಜನಮೂರ್ತಿಯೇ ಕೊಡಬೇಕಾಯಿತು. ಒಬ್ಬಳಿಗೆ ಕೊಟ್ಟ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಡಬ್ಬಿ ಖಾಲಿಯಾಯಿತು. ಹೊರಗೆ ಜೀಪಿನ ಸದ್ದು ಕೇಳಿತು.

ಇಂಜಿನಿಯರ್ ಟೇಪು ಹಿಡಿದು ಮೋರಿಯ ಕಡೆ ನಡೆಯುತ್ತಿದ್ದಂತೆ ಅಂಜನಮೂರ್ತಿ ಅಡ್ಡ ಹೋದ. "ಅಲ್ಲಲ್ಲ ಸಾರ್, ಸ್ಕೂಲು ಇಲ್ಲೈತೆ."

"ಹೋದ ವಾರ ಇಲ್ಲಿ ಸೌದೆ ಇತ್ತಲ್ರೀ?"

"ನಮಸ್ತೇ ಸಾಆಆರ್!" ಎಂದು ಒಂದನೇ ಕ್ಲಾಸು ಒಕ್ಕೊರಲಿನಿಂದ ಕಿರುಚಿತು. ಎಲ್ಲರ ಬಾಯಲ್ಲೂ ಕಡ್ಲೆಮಿಠಾಯಿ ಇತ್ತು.

ಎಸ್ಸೈ ಸಾಹೇಬರು ನಕ್ಕರು. "ಮಕ್ಕಳು ಕೂತ ಕಡೆ ಸ್ಕೂಲೇ ಕಣ್ರೀ ಇಂಜಿನಿಯರ್ರೇ. ಬೋರ್ಡನ್ನ ಆ ಕಡೆಗೇ ನೆಡ್ಸಿ."

ಬೋರ್ಡು ಅಂಗಡಿಗಿಂತ ಆಚೆ, ಕುಣಿಗಲ್ ಕಡೆಗೆ ನಿಂತಿತು. ಡ್ರಮ್ಮುಗಳು ಅಂಜನಮೂರ್ತಿಯ ಬೆಂಚಿನ ಮುಂದೆಯೇ ಕೂತವು. ತೆಂಗಿನಕಾಯಿ ತುಂಬಿದ ಲಾರಿಯೊಂದು ಧೂಳೆಬ್ಬಿಸಿಕೊಂಡು ಬಂದು, ಬೋರ್ಡು ಕಂಡು, ಕಿರ್ರೆಂದು ಬ್ರೇಕು ಹಾಕಿ ತೆವಳತೊಡಗಿತು. ಅಂಜನಮೂರ್ತಿ ಜೀವಮಾನದಲ್ಲಿ ಮೊದಲ ಸಲ ತನ್ನ ಅಂಗಡಿಯ ಮುಂದೆ ಹೋದ ಲಾರಿಯ ನಂಬರನ್ನು ಪೂರ್ತಿ ಓದಿದ. ಓದಿ, ಕಡೆಗಣ್ಣಿನಲ್ಲಿ ಷಡ್ಕನ ಮುಖ ನೋಡಿದ. ಷಡ್ಕ ತನಗಿಂತ ಹೆಚ್ಚು ಖುಷಿಯಾಗಿ ಚಪ್ಪಾಳೆ ತಟ್ಟುತ್ತಿದ್ದ. ಸ್ವಲ್ಪವಾದರೂ ಹೊಟ್ಟೆ ಉರಿದುಕೊಳ್ಳಬಾರದೇ ಈ ಮನುಷ್ಯ!

"ಸಾಹೇಬ್ರೇ, ಟೀ ಕುಡೀರಿ, ಸ್ಪೆಷಲ್" ಎಂದು ಅಂಜನಮೂರ್ತಿ ಎಸ್ಸೈಯನ್ನು ಅಂಗಡಿಗೆ ಕರೆದ.

ಎಸ್ಸೈ ಒಂದು ಗುಟುಕು ಕುಡಿದು ತಲೆ ಎತ್ತಿದರು. ಮಾಲೆಮಾಲೆಯಾಗಿ ನೇತಾಡುತ್ತಿದ್ದ ಪೊಟ್ಟಣಗಳು ಅವರ ಟೋಪಿಗೆ ತಗುಲಿದವು.

"ಇದೇನಯ್ಯಾ?"

"ಗುಟ್ಕಾ ಸಾರ್. ಹರಿದುಕೊಡ್ಲಾ?"

"ಆ ಕಡೆಯದು?"

"ಸಿಗರೇಟು, ಬೀಡಿ. ತಮಗೆ ಯಾವ ಬ್ರಾಂಡು ಸಾರ್?"

"ಸ್ಕೂಲು ಎಲ್ಲೈತೆ ಅಂದೆ?"

"ಇಲ್ಲೇ ಸಾರ್!" ಅಂಜನಮೂರ್ತಿ ಎದೆ ಉಬ್ಬಿಸಿದ. "ಗೋಡೆಗೆ ಗೋಡೆ ಅಂಟ್ಕೊಂಡೈತೆ."

ಎಸ್ಸೈ ಲೋಟ ಕೆಳಗಿಟ್ಟರು. "ಸ್ಕೂಲಿಂದ ನೂರು ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರಂಗಿಲ್ಲ ಅಂತ ಹೊಸ ಕಾನೂನು ಬಂದೈತೆ, ಗೊತ್ತಾ? ನಿನ್ನೆವರೆಗೂ ನೀನು ದೂರ ಇದ್ದೆ, ಕೇಳಂಗಿರ್ಲಿಲ್ಲ. ಇವತ್ತು ನೀನೇ ಸ್ಕೂಲನ್ನ ಮನೆಗೆ ಕರ್ಕೊಂಡಿದೀಯ. ಸಂಜೆಯೊಳಗೆ ಎಲ್ಲಾ ಖಾಲಿ ಆಗ್ಬೇಕು."

ಅಂಜನಮೂರ್ತಿಯ ಕಾಲ ಕೆಳಗೆ ಕೋಳಿ ಕೊಕ್ ಅಂದಿತು. ಅವನ ಗಂಟಲಿನಿಂದಲೂ ಅಂಥದ್ದೇ ಸದ್ದು ಬಂತು.

"ಹಂಗಾದ್ರೆ ಸಾರ್... ಸ್ಕೂಲನ್ನ ವಾಪಸ್..."

"ಏನಂದೆ ಮೂರ್ತಣ್ಣ?" ತಾಯಂದಿರು ಒಟ್ಟಿಗೆ ತಿರುಗಿದರು.

"ಏನಿಲ್ಲಮ್ಮ. ಮಕ್ಕಳಿಗೆ ನೀರು ಬೇಕಾ ಅಂದೆ."

ಮುಳುಗುವವನಿಗೆ ಕಡೆಯದಾಗಿ ಒಂದು ಆಸೆ ಹೊಳೆಯಿತು. "ಸಾರ್, ನಮ್ಮ ವೆಂಕಟರಂಗಣ್ಣನ ಅಂಗಡೀನೂ ಸ್ಕೂಲ್ ಹತ್ರಾನೇ ಅಲ್ವಾ? ಅವನೂ ಮಾರಂಗಿಲ್ಲ ತಾನೆ?"

ಇಂಜಿನಿಯರ್ ಟೇಪು ಸುತ್ತುತ್ತಲೇ ತಲೆ ಆಡಿಸಿದರು. "ಅದು ನೂರು ಗಜ ದಾಟಿದೆ. ಅಳೆದೇ ನೆಟ್ಟಿದ್ದು ಆ ಬೋರ್ಡು. ಅವರು ಮಾರಬಹುದು."

"ನಾನು ಅದ್ಯಾವುದೂ ಇಟ್ಟೇ ಇಲ್ಲ ಸಾರ್" ಅಂದ ವೆಂಕಟರಂಗಯ್ಯ. ಆಮೇಲೆ ಅಂಜನಮೂರ್ತಿಯ ಬಾಡಿದ ಮುಖ ನೋಡಿ ಅವನ ಮನಸ್ಸು ತಡೆಯಲಿಲ್ಲ. ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. "ತಮ್ಮಾ, ಮಕ್ಕಳ ಸಲುವಾಗಿ ಇಷ್ಟು ದೊಡ್ಡ ನಷ್ಟ ಮೈಮೇಲೆ ಎಳ್ಕೊಂಡೆಯಲ್ಲೋ. ತಂದಿರೋ ಮಾಲು ಹಾಳಾಗೋದು ಬೇಡ. ನನಗೆ ಇಷ್ಟ ಇಲ್ದಿದ್ರೂ ನಿನ್ನ ಮುಖ ನೋಡ್ಕೊಂಡು ನಾನೇ ಮಾರ್ತೀನಿ ಬುಡು."

ಉತ್ತರಕ್ಕೂ ಕಾಯದೆ, ಬೀಡಿ ಕಟ್ಟಿನ ಪೆಟ್ಟಿಗೆಯನ್ನು ತಲೆಗೆ, ಗುಟ್ಕಾ ಮಾಲೆಗಳನ್ನು ಕೊರಳಿಗೆ ಹಾಕಿಕೊಂಡು, ಊರ ದೇವರಿಗೆ ಹೊರಟ ಹರಕೆಯವನಂತೆ ಅವನು ಶಾಲೆ ದಾಟಿ ನಡೆದ. ತಾಯಂದಿರು, "ಎಂಥಾ ಮನುಷ್ಯ!" ಎಂದು ನಿಟ್ಟುಸಿರು ಬಿಟ್ಟರು.

ಹೊತ್ತು ಇಳಿಯುವಾಗ ಅಂಜನಮೂರ್ತಿ ಖಾಲಿ ಹಲಗೆಗಳ ನಡುವೆ ಕೂತಿದ್ದ. ಗಾಡಿಗಳು ಒಂದರ ಹಿಂದೊಂದು ನಿಧಾನವಾಗಿ, ಬಹಳ ವಿನಯದಿಂದ, ಅವನ ಮುಂದೆಯೇ ಸಾಗುತ್ತಿದ್ದವು. ಒಂದು ಟೆಂಪೋ ನಿಂತೇಬಿಟ್ಟಿತು. ಡ್ರೈವರು ತಲೆ ಹೊರಗೆ ಹಾಕಿದ.

"ಅಣ್ಣಾ, ಒಂದು ಕಟ್ಟು ಬೀಡಿ."

"ಇಲ್ಲಿಲ್ಲ. ಮುಂದೆ ಹೋಗಿ, ಸ್ಕೂಲ್ ದಾಟಿದ ಮೇಲೆ ವೆಂಕಟರಂಗಯ್ಯನ ಅಂಗಡಿ ಸಿಕ್ತದೆ."

"ಅಲ್ಲಿ ತಿನ್ನಕ್ಕೂ ಏನಾದ್ರೂ ಸಿಕ್ತದಾ?"

"ಬೋಂಡ."

"ಚೆನ್ನಾಗಿರ್ತದಾ?"

ಅಂಜನಮೂರ್ತಿ ಡ್ರಮ್ಮನ್ನು ನೋಡಿದ, ಬೋರ್ಡನ್ನು ನೋಡಿದ, ಆಕಾಶ ನೋಡಿದ. ಹಿಂದಿನ ಗಾಡಿಯವನು ಹಾರನ್ ಹೊಡೆಯುತ್ತಿದ್ದ.

"ಚೆನ್ನಾಗಿರ್ತದೆ" ಅಂದ.